ಹೊರಟವರ ಗಂಟು

ಮಕ್ಕಳೇ,

ರಜೆ ಮುಗಿಸಿ ನೀವು ಊರಿಗೆ ಹೊರಡುವ ಮುಂಚೆ ನಿಮ್ಮದೊಂದು ಚೀಲವನ್ನು ನಾನು ಎತ್ತಿಕೊಂಡು ಹೋಗಿ, ಬಸ್ಸು ನಿಲ್ಲುವ ಕಡೆಗಿರುವ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತೇನೆ. ನೀವು ನಗುತ್ತೀರಿ. ಹೋದ ಸಲ ಚಿಕ್ಕವಳು ಕೇಳಿಯೇ ಬಿಟ್ಟಳು: “ಆಯಿ, ನನ್ನ ಬ್ಯಾಗಿನ ಮ್ಯಾಲ ನಿಂದೇನು ಸಿಟ್ಟು? ನಾ ಹೋಗೋಕಿಂತ ಮೊದಲೇ ಅದಕ್ಕ ಹೊರಗ ಹಾಕ್ತಿ?” ನಿಮ್ಮಮ್ಮ ಒಳಗಿನಿಂದ ಗದರಿದಳು. ನನಗೆ ಬಾಯಿಂದ ಹೇಳಲು ಬರುವುದಿಲ್ಲ. ಇಬ್ಬರು ನನ್ನ ಮುಖ ನೋಡುತ್ತ ಕುಳಿತರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಬೀದರ ಕಡೆಯ ನನ್ನ ತವರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕನ್ನಡ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದರ ಹೆಸರು ಪ್ರಸ್ಥಾನ. ದೂರದ ಊರಿಗೆ ಹೋಗಲು ಒಳ್ಳೆಯ ದಿನ ಬಂದಿರುತ್ತದೆ, ಅಂದು ಹೊರಡಲು ಆಗುವುದಿಲ್ಲ. ಆಗ ಆ ಒಳ್ಳೆಯ ಹೊತ್ತಿನಲ್ಲಿ ಒಂದು ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿಗಿರುವ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ತಡವಾಗಿ ಹೊರಟರೂ ನಡೆಯುತ್ತದೆ. ಹೋಗುವಾಗ ಗಂಟನ್ನು ಎತ್ತಿಕೊಂಡು ಹೋದರಾಯಿತು. ಕಟ್ಟಳೆ ಒಂದೇ: ಹೊರಬಿದ್ದ ಗಂಟು ತಿರುಗಿ ಆ ಮನೆಯ ಹೊಸ್ತಿಲು ದಾಟಬಾರದು. ಹೊರಟವರನ್ನು ಬಿಟ್ಟು ಆ ಮನೆಯ ಬೇರೆ ಯಾರೂ ಅದನ್ನು ಮುಟ್ಟಬಾರದು. ಹೀಗೆಂದು ನಿಮ್ಮಜ್ಜ ಹೇಳುತ್ತಿದ್ದರು.

ನಮ್ಮದು ಜಂಗಮರ ಮನೆ. ಊರಿಗೆಲ್ಲ ಪಂಚಾಂಗ ನೋಡಿ ಹೇಳುವವರು ನಿಮ್ಮಜ್ಜ. ಮನೆ ಇರುವುದೂ ಊರಿನ ಮೂಡಣ ತುದಿಯಲ್ಲಿ, ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ಬಸ್ಸು ನಿಲ್ಲುವ ಬೇವಿನ ಮರದ ಹತ್ತಿರ. ಹಾಗಾಗಿ ಹಿಂದೆ ನಮ್ಮ ಪಡಸಾಲೆಯ ಮೂಲೆಯಲ್ಲಿ ಯಾರದೋ ಒಂದು ಗಂಟು ಇದ್ದೇ ಇರುತ್ತಿತ್ತು. ಬರಬರುತ್ತ ಜನ ಮೊಬೈಲಿನಲ್ಲಿ ಸೀಟು ಹಿಡಿದು ಹೊರಡತೊಡಗಿದರು. ಗಂಟು ತರುವುದು ನಿಂತಿತು. ಕೊನೆಯವರೆಗೆ ತಂದವರು ಒಬ್ಬರೇ, ನಮ್ಮೂರ ಶಾಲೆಯ ಟೀಚರಬಾಯಿ.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕುಳ್ಳಗಿದ್ದರು. ನಡೆಯುವಾಗ ಎದುರಿಗೆ ಗಾಳಿ ಬೀಸುತ್ತಿದೆಯೇನೋ ಎಂಬಂತೆ ತುಸು ಮುಂದಕ್ಕೆ ಬಾಗಿರುತ್ತಿದ್ದರು. ಸೀಮೆಸುಣ್ಣದ ಕಡ್ಡಿಯಿಂದ ತಮ್ಮ ಎಡ ಹೆಗಲನ್ನು ತಟ್ಟಿಕೊಳ್ಳುತ್ತ ಯೋಚಿಸುವ ಅಭ್ಯಾಸ. ಸಂಜೆ ಮನೆಗೆ ಬರುವಾಗ ಆ ಹೆಗಲು ಬೆಳ್ಳಗಾಗಿರುತ್ತಿತ್ತು. ಶಾಲೆ ಮರಾಠಿಯದು. ಗೇಟಿನ ಒಳಗೆ ಅವರು ಮರಾಠಿ ಬಿಟ್ಟು ಬೇರೆ ಆಡುತ್ತಿರಲಿಲ್ಲ, ಗೇಟು ದಾಟಿದರೆ ಕನ್ನಡ. ಆದರೆ ಜೂನ್ ತಿಂಗಳಲ್ಲಿ ಕನ್ನಡದ ಮನೆಯ ಹೊಸ ಮಕ್ಕಳು ಏನೂ ತಿಳಿಯದೆ ಅಳುವಾಗ ಟೀಚರಬಾಯಿ ಮೊಳಕಾಲೂರಿ ಕುಳಿತು ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅಳು ನಿಲ್ಲುತ್ತಿತ್ತು. ನಿಮ್ಮಮ್ಮನ ಕಿವಿಯಲ್ಲೂ ಹೇಳಿದ್ದರು. ಏನು ಹೇಳಿದ್ದರು ಎಂದು ಎಷ್ಟು ಕೇಳಿದರೂ ಅವಳು ಇವತ್ತಿಗೂ ಹೇಳಿಲ್ಲ.

ಅವರಿಗೆ ತಂದೆತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಹುಟ್ಟಿದ ಹಳ್ಳಿ ಜಳಕೋಟದ ಹತ್ತಿರ. ಅಲ್ಲಿಂದ ಒಬ್ಬ ಅಕ್ಕ ಅವರನ್ನು ಉದಗೀರಕ್ಕೆ ಕರೆತಂದು, ಒಂದು ಕೋಣೆ ಹಿಡಿದು, ಹೊಲಿಗೆ ಮಶೀನು ತುಳಿದು ಓದಿಸಿದರು. ತಾವು ಮದುವೆಯಾಗಲಿಲ್ಲ. ಆ ಕೋಣೆಯೇ ಟೀಚರಬಾಯಿಗೆ ತವರು. ದೀಪಾವಳಿ ರಜೆಗೊಮ್ಮೆ, ಬೇಸಿಗೆಗೊಮ್ಮೆ ಅಲ್ಲಿಗೆ ಹೋಗಬೇಕು, ಅಕ್ಕನ ಕೂಡ ನಾಲ್ಕು ದಿನ ಇರಬೇಕು. ಅವರಿಗಿದ್ದ ಆಸೆ ಇಷ್ಟೇ. ಇದಕ್ಕಿಂತ ದೊಡ್ಡದನ್ನು ಅವರು ಬೇಡಿದ್ದು ನಾನು ಕೇಳಿಲ್ಲ.

ಗಂಟಿನಲ್ಲಿ ಒಂದು ತೆಂಗಿನಕಾಯಿ, ಹಿಡಿ ಅಕ್ಕಿ, ಅಡಿಕೆ. ಜೊತೆಗೆ ಹೊಲಿಯದ ಖಣಗಳು. ಅವರ ಜಂಪರು ಅಕ್ಕನೇ ಹೊಲಿಯಬೇಕು. ಪ್ರತಿ ಸಲ ಹೋದಾಗ ಅಕ್ಕ ಅವರನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಕೈ ಅಗಲಿಸಿ ಹೊಸದಾಗಿ ಅಳತೆ ತೆಗೆಯುತ್ತಿದ್ದರಂತೆ. “ಊಟಾ ಆಮ್ಯಾಲ, ಮೊದಲ ನಿಲ್ಲು. ದಪ್ಪ ಆಗಿದಿಯೋ ಸೊರಗಿದಿಯೋ ಟೇಪ ಹೇಳ್ತದ, ನೀ ಸುಳ್ಳ ಹೇಳ್ತಿ.” ಟೀಚರಬಾಯಿ ಅಕ್ಕನ ದನಿ ಮಾಡಿ ತೋರಿಸುತ್ತಿದ್ದರು.

ಹೋಗಿ ಬಂದ ವರ್ಷ ಹೊಸ ಜಂಪರು ಬರುತ್ತಿದ್ದವು. ಹೋಗದ ವರ್ಷ ಹಳೆಯದರ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳುತ್ತಿದ್ದರು. ತೋಳಿನ ಕೆಳಗೆ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತಿತ್ತು. ಅದನ್ನು ನೋಡಿಯೇ ಅವರು ತವರಿಗೆ ಹೋಗಿ ಎಷ್ಟು ಕಾಲವಾಯಿತೆಂದು ನನಗೆ ತಿಳಿಯುತ್ತಿತ್ತು. ಒಮ್ಮೆ ಹೇಳಿದೆ, “ಉಮರ್ಗಾದಾಗ ದರ್ಜಿಗಳ ಓಣಿನೇ ಅದಲ್ರಿ, ಕೊಟ್ಟುಬಿಡ್ರಿ.”

“ಬ್ಯಾಡ ವೈನಿ,” ಎಂದರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. “ಅಕ್ಕಗ ಗೊತ್ತಾದ್ರ ಮುಗೀತು. ‘ನನ್ನ ಮಶೀನ ಮುರದದೋ, ಕೈ ಮುರದದೋ’ ಅಂತ ಕೇಳ್ತಾಳ.”

ಹೋಗುವುದಕ್ಕೆ ಏನು ಅಡ್ಡಿ ಎನ್ನುತ್ತೀರಿ. ಒಂದಾದರೆ ಹೇಳಬಹುದಿತ್ತು. ರಜೆ ಹತ್ತಿರ ಬಂದಂತೆ ಶಾಲೆಯಲ್ಲಿ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತಿತ್ತು. ಪರೀಕ್ಷೆ ನಡೆದಿರುವಾಗಲೇ ಮಕ್ಕಳಿಗೆ ಮಧ್ಯಾಹ್ನದ ಖಿಚಡಿ ಬೇಯಿಸುವವಳು ಹಬ್ಬದ ಸಂತೆಗೆ ಹೋಗಿಬಿಡುವಳು. ಟೀಚರಬಾಯಿ ಒಂದು ಕೈಯಲ್ಲಿ ಉತ್ತರಪತ್ರಿಕೆ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ನಿಲ್ಲುವರು. ಮಕ್ಕಳು ಹಬ್ಬಕ್ಕೆಂದು ಶಾಲೆಯ ಹಿಂದೆ ಮಣ್ಣಿನ ಕಿಲ್ಲೆ, ಅಂದರೆ ಕೋಟೆ, ಕಟ್ಟಿ ಮೈಯೆಲ್ಲ ರಾಡಿ ಮಾಡಿಕೊಂಡು ವರ್ಗಕ್ಕೆ ನುಗ್ಗುವರು. ಅಷ್ಟರಲ್ಲಿ ಪ್ರತಿ ಮಗುವಿನ ಫೋಟೋ ಆನ್‌ಲೈನ್ ಹಾಕಬೇಕೆಂದು ಮೇಲಿನಿಂದ ಫೋನು. ನಮ್ಮೂರಲ್ಲಿ ನೆಟ್ ಸಿಗುವುದು ನೀರಿನ ಟಾಕಿಯ ಮೆಟ್ಟಿಲ ಮೇಲೆ ಮಾತ್ರ. ಬಿಸಿಲಿನಲ್ಲಿ ಸೆರಗು ತಲೆಗೆ ಹೊದ್ದು ಅಲ್ಲಿ ಕುಳಿತು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದ ಟೀಚರಬಾಯಿಯನ್ನು ನೋಡಿ ದನ ಕಾಯುವ ಮುದುಕ ಕೂಗಿದ್ದ: “ಬಾಯಾರ, ಮಳಿ ಕರೀಲತ್ತೀರೇನ್ರಿ?”

“ಮಳಿ ಆದ್ರೂ ಬರ್ತದ ಕಾಕಾ, ಇದು ಬರವಲ್ದು,” ಎಂದಿದ್ದರು.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಆದರೆ ತಮ್ಮ ಊರು ಹತ್ತಿರವೆಂದು ಮೊದಲ ದಿನವೇ ಹೊರಟುಬಿಡುವರು. “ಮ್ಯಾಡಮ್, ಜರಾ ಏವಢಂ ಬಘೂನ ಘ್ಯಾ,” ಇದೊಂದಿಷ್ಟು ನೋಡಿಕೊಳ್ಳಿ ಎಂದು ಬೀಗದ ಕೈ ಇವರ ಮೇಜಿನ ಮೇಲಿಟ್ಟು ಹೋಗುವರು. ಆ ‘ಒಂದಿಷ್ಟು’ ಮುಗಿಯುವ ಹೊತ್ತಿಗೆ ಅರ್ಧ ರಜೆ ಮುಗಿದಿರುತ್ತಿತ್ತು.

ಮನೆಯಲ್ಲಿ ಅತ್ತೆ. ಟೀಚರಬಾಯಿಯ ಗಂಡ ಸರ್ಕಾರಿ ಎಸ್.ಟಿ. ಬಸ್ಸಿನ ಡ್ರೈವರ್, ಹಬ್ಬ ಬಂದರೆ ಅವರಿಗೆ ಡ್ಯೂಟಿ ಜಾಸ್ತಿ. ಎಲ್ಲರ ಹೆಂಡಂದಿರನ್ನು ತವರಿಗೆ ಮುಟ್ಟಿಸುವುದು ಅವರ ಕೆಲಸ, ತಮ್ಮ ಹೆಂಡತಿಯನ್ನು ಬಿಟ್ಟು. ಮಕ್ಕಳಾಗಿರಲಿಲ್ಲ. ಹಾಗಾಗಿ ಸೊಸೆ ಹೋದರೆ ಆ ಮುದುಕಿ ಒಬ್ಬರೇ. ಸೊಸೆ ಚೀಲ ಮುಟ್ಟಿದ ಕೂಡಲೇ ಅವರ ಮೊಳಕಾಲು ಹಿಡಿಯುತ್ತಿತ್ತು. “ಒಲಿ ಮುಂದಿಂದ ಬಾಗಲತನಾ ಬರಲಾಗದಾಕಿಗಿ ಬಿಟ್ಟು ಹೊಂಟೀದಿ. ಹೋಗವಾ, ಹೋಗು. ಬರೋದ್ರಾಗ ನಾ ಇದ್ರ ಇದ್ದೆ.” ಆಮೇಲೆ ಎಣ್ಣೆ ಕಾಯಿಸಬೇಕು, ತಿಕ್ಕಬೇಕು. ನೋವು ಸುಳ್ಳಲ್ಲ. ನನಗೂ ಈಗ ಮೊಳಕಾಲು ಹಿಡಿಯುತ್ತದೆ. ಮನೆ ಬರಿದಾಗುವ ಹೊತ್ತಿಗೇ ಅದು ಹೆಚ್ಚುತ್ತದೆ ಎಂಬುದೂ ಗೊತ್ತಾಗಿದೆ.

ಈ ಜಗ್ಗಾಟದಲ್ಲಿ ಟೀಚರಬಾಯಿಗೆ ಪ್ರಸ್ಥಾನವೊಂದೇ ಆಸರೆಯಾಗಿತ್ತು. ಪಂಚಾಂಗದ ಮೇಲೆ ಅವರಿಗೆ ದೊಡ್ಡ ನಂಬಿಕೆಯೇನೂ ಇರಲಿಲ್ಲ ಎನಿಸುತ್ತದೆ. ಆದರೆ ಅತ್ತೆಗೆ ಇತ್ತು. ಗಂಟು ಹೊರಗೆ ಬಿದ್ದ ಮೇಲೆ ಹೋಗಬೇಡ ಎನ್ನುವುದು ಅಪಶಕುನ ಎಂದು ಅತ್ತೆ ಬಾಯಿ ಬಿಗಿಹಿಡಿಯುತ್ತಿದ್ದರು. ಮೊಳಕಾಲು ಮಾತ್ರ ಮಾತಾಡುತ್ತಿತ್ತು. ಗಂಟನ್ನು ನಮ್ಮ ಮೂಲೆಯಲ್ಲಿಟ್ಟ ದಿನ ಟೀಚರಬಾಯಿ ಕಟ್ಟೆಯ ಮೇಲೆ ಕುಳಿತು ಒಂದು ಲೋಟ ನೀರು ಕುಡಿದು, ದೊಡ್ಡದಾಗಿ ಉಸಿರು ಬಿಟ್ಟು ಹೇಳುತ್ತಿದ್ದರು: “ನಾ ಹೊಂಟಾಗ್ಯಾದ ವೈನಿ. ಕಾಲಷ್ಟೇ ಇಲ್ಲಿ ಉಳಿದಾವ.”

ಒಂದು ವರ್ಷ ಆ ಕಾಲು ಉಳಿದೇ ಬಿಟ್ಟಿತು. ದೀಪಾವಳಿಗೆ ಇಟ್ಟ ಗಂಟು ಬೇಸಿಗೆಯವರೆಗೆ ನಮ್ಮಲ್ಲೇ ಇತ್ತು. ಮತದಾರರ ಪಟ್ಟಿಯ ಕೆಲಸವೆಂದು ರಜೆಯೆಲ್ಲ ಮನೆ ಮನೆ ತಿರುಗಿದರು. ನಿಮ್ಮಜ್ಜ ಗಂಟಿನಿಂದ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. “ಟೀಚರಬಾಯಿ, ಒಳಗಿನ ನೀರ ಹೋಗ್ಯಾವ. ನೀವೇ ಹೋಗಿಲ್ಲ.” ಎಲ್ಲರೂ ನಕ್ಕೆವು. ಅವರೂ ನಕ್ಕರು. ಆ ಒಣಗಿದ ಕೊಬ್ಬರಿಯನ್ನೇ ಮತ್ತೆ ಗಂಟಿಗೆ ಹಾಕಿಕೊಂಡು ಬೇಸಿಗೆಯಲ್ಲಿ ಒಯ್ದರು. ಅಕ್ಕ ಅದನ್ನು ಹೆರೆದು ಹೋಳಿಗೆಗೆ ಹಾಕಿದರಂತೆ. “‘ಕೊಬ್ಬರಿ ಆಗೋತನಾ ಕಾಯಿಸಿದಿ ನನಗ’ ಅಂದ್ಳು,” ಎಂದು ಬಂದು ಹೇಳಿದರು. ಅದನ್ನು ಹೇಳುವಾಗ ನಗುತ್ತಿರಲಿಲ್ಲ.

ಇನ್ನೊಂದು ವರ್ಷದ್ದು ನನ್ನ ಕಣ್ಣೆದುರೇ ಆಯಿತು. ಎಲ್ಲ ಮುಗಿದಿತ್ತು. ಟೀಚರಬಾಯಿ ನಮ್ಮಲ್ಲಿಂದ ಗಂಟು ಎತ್ತಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದರು, ನಾನು ಬಾಗಿಲಲ್ಲಿದ್ದೆ. ಅಷ್ಟರಲ್ಲಿ ಲಂಬಾಣಿ ತಾಂಡಾದ ಕಡೆಯಿಂದ ಒಂದು ಟ್ರ್ಯಾಕ್ಟರು ಬಂತು. ದೀಪಾವಳಿ ಹೊತ್ತಿಗೆ ತಾಂಡಾದವರು ಕಬ್ಬು ಕಡಿಯಲು ಮಕ್ಕಳುಮರಿ ಕಟ್ಟಿಕೊಂಡು ದೂರದ ಸೀಮೆಗೆ ಹೋಗುತ್ತಾರೆ, ಬರುವುದು ಬೇಸಿಗೆಗೆ. ಪಾತ್ರೆ, ಕೌದಿ, ಆಡಿನ ಮರಿಗಳ ನಡುವೆ ಟೀಚರಬಾಯಿಯ ವರ್ಗದ ಒಂದು ಹುಡುಗಿ ಕುಳಿತಿದ್ದಳು, ತೊಡೆಯ ಮೇಲೆ ಶಾಲೆಯ ಚೀಲ. ಟೀಚರಬಾಯಿ ನಡುರಸ್ತೆಗೆ ಹೋಗಿ ನಿಂತು ಟ್ರ್ಯಾಕ್ಟರು ನಿಲ್ಲಿಸಿದರು.

“ಇವಳನ್ನ ಅಜ್ಜಿ ಹತ್ರ ಬಿಡ್ತೀನಂದಿದ್ದಿ,” ಎಂದು, ಕನ್ನಡ ಬಾರದ ಅವಳ ತಾಯಿಯನ್ನು ಮರಾಠಿಯಲ್ಲಿ ಕೇಳಿದರು.

“ಅಜ್ಜಿಗೆ ತನ್ನ ಕೈಯಿಂದ ತಾನು ಉಣ್ಣಕ್ಕಾಗಲ್ಲ ಬಾಯಿ. ಇವಳು ಬಂದ್ರ ಕೂಸಿನ್ನ ನೋಡ್ಕೋತಾಳ.”

ಎಷ್ಟೋ ಹೊತ್ತು ಮಾತಾಡಿದರು. ಹಾಸ್ಟೆಲ್ಲಿಗೆ ಕೇಳುತ್ತೇನೆ ಎಂದರು, ತಮ್ಮ ಮನೆಯಲ್ಲೇ ಇರಲಿ ಎಂದರು. ನಿಲಂಗಾದ ಬಸ್ಸು ಬಂತು. ಡ್ರೈವರ್ ಗುರುತಿನವನು, ಹಾರ್ನ್ ಹೊಡೆದ, ಕಾದ, ಮತ್ತೆ ಹೊಡೆದ. ಟೀಚರಬಾಯಿ ತಿರುಗಿ ನೋಡದೆ ಕೈ ಬೀಸಿ ‘ಹೋಗು’ ಎಂದರು. ಬಸ್ಸು ಹೋಯಿತು. ಆಮೇಲೆ ಟ್ರ್ಯಾಕ್ಟರೂ ಹೋಯಿತು, ಹುಡುಗಿಯೂ ಹೋದಳು. ಟೀಚರಬಾಯಿ ಗಂಟು ಹಿಡಿದುಕೊಂಡು ಬಂದು ಅದನ್ನು ನಮ್ಮ ಮೂಲೆಯಲ್ಲೇ ಇಟ್ಟರು. ನಾನು ನೀರು ಕೊಟ್ಟೆ. ಅಂದು ಕಾಲಿನ ಮಾತು ಆಡಲಿಲ್ಲ. “ಆ ಪೋರಿಗಿ ಭಾಗಾಕಾರ ಈಗಷ್ಟೇ ತಿಳೀಲತ್ತಿತ್ತು, ವೈನಿ,” ಎಂದರು.

ಸಂಜೆ ಅತ್ತೆಗೆ ಮತ್ತೆ ಮೊಳಕಾಲು. ಮರುದಿನ ಅವರನ್ನು ಉಮರ್ಗಾದ ದವಾಖಾನೆಗೆ ಕರೆದೊಯ್ಯಬೇಕಾಯಿತು. ಆ ವರ್ಷವೂ ಹೋಗಲಿಲ್ಲ.

ಆಮೇಲೆ ನಿಮ್ಮಜ್ಜ ತೀರಿಕೊಂಡರು. ನಾನು ಒಳಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹಬ್ಬ ಹತ್ತಿರ ಬಂತು. ಟೀಚರಬಾಯಿ ಗಂಟು ಹಿಡಿದುಕೊಂಡು ಬಂದರು. ನಾನು ಬಾಗಿಲ ಮರೆಯಿಂದಲೇ ಹೇಳಿದೆ, “ಬ್ಯಾಡ್ರಿ. ಒಳ್ಳೆ ಕೆಲಸಕ್ಕ ಹೊಂಟೀರಿ. ಈಗ ಇದು ಗಂಡ ಇಲ್ಲದಾಕಿ ಮನಿ. ಬ್ಯಾರೆ ಯಾರ ಮನ್ಯಾಗರ ಇಡ್ರಿ.”

ಅವರು ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತರು. ವರ್ಗದಲ್ಲಿ ತಪ್ಪು ಉತ್ತರ ಕೇಳಿದಾಗ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು. “ವೈನಿ, ಪರಸ್ಥಾನ ದಿಕ್ಕ ನೋಡಿ ಇಡ್ತಾರ, ಕುಂಕುಮ ನೋಡಿ ಅಲ್ಲ. ನಿಮ್ಮ ಮನಿ ಎದ್ದು ಪಡುವಣಕ್ಕ ಹೋಗ್ಯಾದೇನು?” ಎಂದವರೇ ಒಳಗೆ ಬಂದು ಅದೇ ಮೂಲೆಯಲ್ಲಿ ಇಟ್ಟರು. “ದಿನಾ ನೀವೇ ನೋಡಿ ಹೇಳ್ರಿ. ಪಂಚಾಂಗ ಓದ್ಲಿಕ್ಕ ಬರ್ತದಲ್ಲ.” ಆ ಮಧ್ಯಾಹ್ನ ನಾನು ಎಷ್ಟೋ ದಿನಗಳ ಮೇಲೆ ಪಡಸಾಲೆಯಲ್ಲಿ ಕುಳಿತು ಪಂಚಾಂಗ ಬಿಡಿಸಿದೆ.

ಈಗ ಕೊನೆಯ ವರ್ಷದ ಮಾತು. ಮಳೆಗಾಲದಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಟೀಚರಬಾಯಿ ಒಂದು ಭಾನುವಾರ ಉದಗೀರಕ್ಕೆ ಹೋಗಿ ಸಂಜೆಗೇ ತಿರುಗಿ ಬಂದರು. “ಮಾರಿ ನೋಡಿ ಬಂದೆ, ಮಾತಾಡಲಿಲ್ಲ,” ಎಂದರು. ರಜೆ ಕೇಳಿದರು; ಶಾಲೆಯ ತಪಾಸಣೆ ಇದೆ, ಆಮೇಲೆ ನೋಡೋಣ ಎಂದು ಹೆಡ್‌ಮಾಸ್ತರರು ಅಂದರಂತೆ. ಅಕ್ಕನನ್ನು ಪಕ್ಕದ ಮನೆಯ ಹೆಂಗಸು ನೋಡಿಕೊಳ್ಳುತ್ತಿದ್ದಳು. ದೀಪಾವಳಿಯ ಸೂಟಿ ಪೂರ್ತಿ ಅಲ್ಲೇ ಇರುತ್ತೇನೆ, ತಲೆ ಬಾಚುತ್ತೇನೆ, ಹಿಡಿದು ನಡೆಸುತ್ತೇನೆ ಎಂದು ಟೀಚರಬಾಯಿ ದಿನಾ ನನ್ನ ಮುಂದೆ ಹೇಳುತ್ತಿದ್ದರು. ಮುಖ ಬಾಡಿತ್ತು. ಮೆಟ್ಟಿಲು ಹತ್ತಿದರೆ ಎದೆ ಹಿಡಿದು ನಿಲ್ಲುತ್ತಿದ್ದರು. ದವಾಖಾನೆಗೆ ತೋರಿಸ್ರಿ ಎಂದರೆ, ಸೂಟಿಯಲ್ಲಿ ಉದಗೀರದಲ್ಲೇ ತೋರಿಸುತ್ತೇನೆ ಎನ್ನುವರು.

ಶಾಲೆಯ ಕೊನೆಯ ದಿನ ಬೆಳಿಗ್ಗೆ ಗಂಟು ತಂದಿಟ್ಟರು. ಎಂದಿಗಿಂತ ದೊಡ್ಡದು. ನನ್ನೆದುರೇ ಅಕ್ಕನಿಗೆ ಫೋನು ಹಚ್ಚಿದರು: “ಪರಸ್ಥಾನ ಇಟ್ಟೀನಿ. ಈ ಸಲ ಯಾರ ಅಡ್ಡ ಬಂದ್ರೂ ನಿಲ್ಲಂಗಿಲ್ಲ. ಹೊಂಟಾಗ್ಯಾದ ಅಂದ್ರ ಹೊಂಟಾಗ್ಯಾದ, ತಿಳೀತಾ?” ಆಮೇಲೆ ಶಾಲೆಗೆ ಹೋದರು. ಅಂದು ಕೂಡ ಖಿಚಡಿಯವಳು ಬಂದಿರಲಿಲ್ಲ.

ಸಂಜೆ ಮನೆಗೆ ಹೋಗಿ, ಅತ್ತೆಯ ಮೊಳಕಾಲಿಗೆ ಎಣ್ಣೆ ಕಾಯಿಸಲು ಒಲೆ ಮುಂದೆ ಕುಳಿತವರು ಹಾಗೇ ಗೋಡೆಗೆ ಒರಗಿದರು. ಜೀಪು ತರಿಸಿ ಉಮರ್ಗಾಕ್ಕೆ ಒಯ್ದರು. ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಗಂಡ ಪುಣೆಯ ಬಸ್ಸಿನ ಡ್ಯೂಟಿಯಲ್ಲಿದ್ದರು, ಮರುದಿನ ಬಂದರು. ಊರ ಹೊರಗೆ ನಮ್ಮ ಲಿಂಗವಂತರ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಅಕ್ಕ ಬರುವಂತಿರಲಿಲ್ಲ. ಸೂಟಿಯಾಗಿತ್ತು, ಮಕ್ಕಳೆಲ್ಲ ಅವರವರ ಮಾಮಂದಿರ ಊರಿಗೆ ಹೋಗಿದ್ದರು. ಅವರಿಲ್ಲದೆ ಟೀಚರಬಾಯಿಯನ್ನು ಕಳಿಸಿದೆವು.

ಕೆಲವು ದಿನ ಕಳೆದ ಮೇಲೆ ಟೀಚರಬಾಯಿಯ ಗಂಡ ನಮ್ಮ ಬಾಗಿಲಿಗೆ ಬಂದರು. ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಂತೆ. “ಅಮ್ಮಾರ, ಅವ್ವ ಗಂಟ ತಾ ಅಂದಾಳ. ಅದರಾಗ ಹೊಸ ಬಟ್ಟಿ ಅವಂತ.”

ನಾನು ಅವರ ಜೊತೆ ಅದುವರೆಗೆ ಒಂದು ಮಾತೂ ಆಡಿದವಳಲ್ಲ. ಮೂಲೆಯಲ್ಲಿ ಗಂಟು ಕಾಣುತ್ತಿತ್ತು.

“ಕೊಡಂಗಿಲ್ರಿ,” ಎಂದೆ.

“ಯಾಕ್ರಿ?”

“ಹೊರಬಿದ್ದ ಪರಸ್ಥಾನ ತಿರುಗಿ ಆ ಹೊಸ್ತಿಲ ದಾಟಬಾರದು. ಅದು ಉದಗೀರಕ್ಕೇ ಹೋಗಬೇಕು.”

ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತರು. “ಹಂಗಾರ ನಾ ಒಯ್ದು ಕೊಡ್ತೀನ್ರಿ.”

“ನೀವೂ ಮುಟ್ಟಬಾರದ್ರಿ. ಹೊಂಟ ಮನಿಯವರು ಮುಟ್ಟಂಗಿಲ್ಲ.”

“ಮತ್ತ ಯಾರ ಒಯ್ತಾರ?”

“ನಾ ಒಯ್ತೀನಿ.”

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಮಕ್ಕಳೇ, ನಾನು ಒಬ್ಬಳೇ ಉಮರ್ಗಾದ ಬಜಾರಿಗೂ ಹೋದವಳಲ್ಲ. ಅವರು ಟೊಪ್ಪಿಗೆ ತಲೆಗೆ ಹಾಕಿಕೊಂಡರು. ಆಮೇಲೆ, “ನಿಲಂಗಾದಾಗ ಗಾಡಿ ಬದಲಿ ಮಾಡಬೇಕಾಗ್ತದ. ನಾ ಡ್ರೈವರಗ ಹೇಳಿ ಕೂಡಸ್ತೀನಿ,” ಎಂದರು. ಮರುದಿನ ಬೇವಿನ ಮರದ ಕೆಳಗೆ ಬಂದು ನಿಂತು, ಗಂಟು ಮುಟ್ಟದಂತೆ ದೂರ ಸರಿದು, ಡ್ರೈವರನ ಹಿಂದಿನ ಸೀಟಿನಲ್ಲಿ ನನ್ನನ್ನು ಕೂಡಿಸಿದರು. ಕಿಟಕಿಯ ಸರಳು ಹಿಡಿದು ಹೇಳಿದರು: “ಆಕಿಗಿ ಒಂದಿನಾನೂ ಹಿಂಗ ಕೂಡಸಿ ಕಳಸಲಿಲ್ರಿ, ಅಮ್ಮಾರ.” ಬಸ್ಸು ಬಿಟ್ಟಿತು.

ಉದಗೀರದಲ್ಲಿ ಕೇಳುತ್ತ ಕೇಳುತ್ತ ಆ ಓಣಿ ಮುಟ್ಟಿದೆ. ಒಂದು ಕೋಣೆ, ಕಿಟಕಿಯ ಕೆಳಗೆ ಮಂಚ, ಮೂಲೆಯಲ್ಲಿ ಹಳೆ ಸೀರೆ ಮುಚ್ಚಿದ ಹೊಲಿಗೆ ಮಶೀನು. ಅಕ್ಕ ಮಲಗಿದ್ದರು. ಟೀಚರಬಾಯಿಯದೇ ಹಣೆ. ನಾನು ಯಾರೆಂದು ಹೇಳುವ ಮೊದಲೇ ಅವರ ಕಣ್ಣು ನನ್ನ ಕಂಕುಳಿಗೆ ಹೋಯಿತು.

“ಗಂಟ ಬಂತು,” ಎಂದರು.

ನಾನು ಮಂಚದ ಅಂಚಿಗೆ ಇಟ್ಟೆ.

“ಆಕಿ ಹೋದ್ಳು ಅಂತ ಫೋನ್ ಬಂತು. ನಾ ಅಂದೆ, ಮುಂಜಾನೇನೆ ಹೊಂಟಾಗ್ಯಾದ ಅಂದಾಳ, ಬರ್ತಾಳ. ಓಣಿಯವ್ರು ನನಗ ಹುಚ್ಚಿ ಅಂದ್ರು.” ಅಳಲಿಲ್ಲ. ಗಂಟು ಬಿಚ್ಚಿದರು. ಖಣಗಳು, ಸೊಂಟಕ್ಕೆ ಹಚ್ಚುವ ಮುಲಾಮು, ಬಾಚಣಿಗೆ, ಮನೆಯಲ್ಲುಡುವ ಎರಡು ಸೀರೆ, ಕಾಯಿ, ಅಕ್ಕಿ. ಎಲ್ಲದರ ಕೆಳಗೆ ಒಂದು ಹಳೆ ಜಂಪರು. ಅಕ್ಕ ಅದನ್ನು ತಿರುವಿ ಹಾಕಿ ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಬಿಚ್ಕೊಳ್ಲಿಕ್ಕ ಬರಲಿ ಅಂತ ಒಳಗ ಬಟ್ಟಿ ಜಾಸ್ತಿ ಬಿಡ್ತಿದ್ದೆ. ಎಲ್ಲಾ ಬಿಚ್ಚಿ ಮುಗಿಸ್ಯಾಳ. ಇನ್ನ ಒಂದ ಎಳಿ ಉಳಿದಿಲ್ಲ ನೋಡ್ರಿ.”

ಪಕ್ಕದ ಮನೆಯ ಹೆಂಗಸು ಚಹಾ ತಂದಳು. ಕುಡಿದು ನಾನು ಏಳಬೇಕೆಂದಾಗ ಅಕ್ಕ ಅವಳಿಗೆ ತಮ್ಮನ್ನು ಎತ್ತಿ ಕೂಡಿಸಲು ಹೇಳಿದರು. ನೋವಿಗೆ ಹಲ್ಲು ಕಚ್ಚಿಕೊಂಡರು. ಒಂದು ಖಣ, ಕಾಯಿ, ಗಂಟಿನ ಅಕ್ಕಿಗೆ ತಮ್ಮ ಮನೆಯ ಅಕ್ಕಿ ಬೆರೆಸಿ ಮುಂದಿಟ್ಟುಕೊಂಡು ನನಗೆ ಹೇಳಿದರು: “ಉಡಿ ಒಡ್ಡ್ರಿ.”

ನಾನು ಹಿಂದೆ ಸರಿದೆ. “ಅಕ್ಕಾರ, ನಾ ಗಂಡ ಇಲ್ಲದಾಕಿ. ನನಗ ಉಡಿ ತುಂಬಂಗಿಲ್ರಿ.”

“ನಿಮಗಲ್ಲ, ಆಕಿಗಿ. ತವರಿಗಿ ಬಂದಾಕಿಗಿ ಉಡಿ ತುಂಬದೆ ಹ್ಯಾಂಗ ಕಳಸಲಿ? ಬಂದಾಳಲ್ಲ,” ಎಂದು ಗಂಟಿನ ಮೇಲೆ ಕೈ ಇಟ್ಟರು. “ನೀವು ಒಡ್ಡ್ರಿ. ಒಯ್ದು ಆಕಿ ಮಲಗಿದಲ್ಲಿ ಬಿಡ್ರಿ.”

ಒಡ್ಡಿದೆ. ನಿಮ್ಮಜ್ಜ ಹೋದಂದಿನಿಂದ ನನ್ನ ಸೆರಗಿಗೆ ಯಾರೂ ಏನೂ ಹಾಕಿರಲಿಲ್ಲ. ಅಕ್ಕಿ ಬಿದ್ದಾಗ ಭಾರ ಹೊಟ್ಟೆಗೆ ತಾಗಿತು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಹಿಡಿದುಕೊಂಡೆ.

ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿ, “ಆಜೀ, ಪಿಶವೀ ದೇಊ ಕಾ?” ಎಂದ, ಚೀಲ ಬೇಕೇನು ಎಂದು. ತಲೆ ಅಲ್ಲಾಡಿಸಿದೆ. ನಿಲಂಗಾದಲ್ಲಿ ಇಳಿದು ಹತ್ತುವಾಗ ಹಿಡಿಯಲು ಕೈ ಇರಲಿಲ್ಲ. ಹಿಂದಿನ ಹೆಂಗಸು ನನ್ನ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದಳು.

ನಮ್ಮೂರಲ್ಲಿ ಇಳಿದಾಗ ಹೊತ್ತು ಇನ್ನೂ ಇತ್ತು. ಮನೆಗೆ ಹೋಗಲಿಲ್ಲ. ಮಣ್ಣು ಮಾಡಿದ ಜಾಗಕ್ಕೆ ಟೀಚರಬಾಯಿಯ ಮನೆಯ ಮುಂದೆಯೇ ಹೋಗಬೇಕು. ಅತ್ತೆ ಬಾಗಿಲು ದಾಟಿ, ಹೊರಗೆ ಕಟ್ಟೆಯ ಮೇಲೇ ಕುಳಿತಿದ್ದರು. ಗಂಟು ಕೊಡದವಳೆಂದು ಬೈಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿದೆ.

“ಅಮ್ಮಾರ, ನಿಲ್ರಿ,” ಎಂದರು. “ಎಲ್ಲಿಂದ ಬಂತದು ಉಡಿ?”

“ಉದಗೀರದಿಂದ್ರಿ. ನಿಮ್ಮ ಸೊಸಿದು. ತವರಿಂದ ಬಂದದ.”

ಅವರು ಸೆರಗಿನೊಳಗೆ ಇಣುಕಿ ನೋಡಿದರು. ಖಣದ ಅಂಚನ್ನು ಬೆರಳಿಂದ ಮುಟ್ಟಿ ಕೈ ತೆಗೆದರು. ನಾನು ಮುಂದೆ ನಡೆದೆ.

ಊರ ಹೊರಗಿನ ಹಾದಿ ಹೊಲದ ಬದುವಿನ ಮೇಲಿದೆ, ತುಸು ಏರು. ನಡುವೆ ಕೋಲು ಊರುವ ಸದ್ದು ಕೇಳಿ ತಿರುಗಿ ನೋಡಿದೆ. ಅವರು ಬರುತ್ತಿದ್ದರು. ನಾನು ನಿಂತೆ, ನಿಲ್ಲಬೇಡ, ನಡಿ ಎಂದು ಕೈ ಮಾಡಿದರು. ಮಣ್ಣು ಇನ್ನೂ ಹಸಿಯಾಗಿತ್ತು. ಉಡಿ ಬಿಚ್ಚಿ ಅಕ್ಕಿ, ಕಾಯಿ, ಖಣ ಅಲ್ಲಿಟ್ಟೆ. ಅತ್ತೆ ಕೋಲು ಹಿಡಿದು ಪಕ್ಕದಲ್ಲಿ ನಿಂತರು. ಕತ್ತಲಾಗುವ ಮುಂಚೆ ಇಬ್ಬರೂ ಅದೇ ಬದುವಿನ ಮೇಲೆ ತಿರುಗಿ ಬಂದೆವು. ಹೋಗುವಾಗಲೂ ಬರುವಾಗಲೂ ಅವರು ಮೊಳಕಾಲಿನ ಮಾತು ಎತ್ತಲಿಲ್ಲ.